ಚೆನ್ನಾಜಮ್ಮನ ಕಾರಿಗೆ ಹಾಕಿದ ಚಿಪ್ಪು

ಈ ಊರಿನಲ್ಲಿ ಯಾರೂ ತಮಗಿಂತ ಹಿರಿಯ ನೆಂಟರ ಗಾಡಿಯನ್ನು ಹಿಂದೆ ಹಾಕುವುದಿಲ್ಲ. ಮರ್ಯಾದೆಗಾಗಿ ಅಲ್ಲ, ಆಗುವುದೇ ಇಲ್ಲ. ಮುಂದೆ ಸೋದರಮಾವನ ಹಳೇ ಸ್ಕೂಟರ್ ಹೋಗುತ್ತಿದೆ ಅನ್ನಿ. ನೀವು ಎಂಥ ದೊಡ್ಡ ಕಾರಿನಲ್ಲಿ ಕೂತು ಎಷ್ಟೇ ಒತ್ತಿದರೂ ಇಂಜಿನ್ ದನಿ ತಗ್ಗಿಸಿಕೊಂಡು ಮಾವನ ಹಿಂದೆಯೇ ವಿನಯದಿಂದ ಹೋಗುತ್ತದೆ. ಮಾವ ನಿಂತರೆ ನಿಮ್ಮದೂ ನಿಲ್ಲುತ್ತದೆ. ಅವನು ಕೆಳಗಿಳಿದು ರಸ್ತೆ ಪಕ್ಕ ನಿಂತು ‘ಹೋಗಪ್ಪಾ’ ಎಂದು ಕೈ ಬೀಸಿದರೂ ಗಾಡಿ ಕದಲುವುದಿಲ್ಲ. ಮಾವ ಬೇರೆ ರಸ್ತೆಗೆ ತಿರುಗಬೇಕು, ಇಲ್ಲವೇ ಯಾರದಾದರೂ ಗೇಟಿನೊಳಗೆ ಹೋಗಬೇಕು. ಅಲ್ಲಿಯವರೆಗೆ ನಿಮ್ಮ ಆತುರವನ್ನು ನೀವೇ ಇಟ್ಟುಕೊಳ್ಳಬೇಕು.

ಊರಿನವರಿಗೆ ಇದು ಅಭ್ಯಾಸವಾಗಿ ಹೋಗಿದೆ. ಹಿರಿಯರು ಸ್ನಾನಕ್ಕೆ ಹೋದದ್ದೇ ತಡ, ಕೆಲಸಕ್ಕೆ ಹೋಗುವ ಕಿರಿಯರು ಗಾಡಿ ತೆಗೆದುಕೊಂಡು ಜಾರಿಕೊಳ್ಳುತ್ತಾರೆ. ತಡವಾಗಿ ಬಂದ ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ‘ಅತ್ತೆ ಮುಂದಿದ್ದರು’ ಎಂದು ಬರೆದರೆ ಹೆಡ್ ಮೇಷ್ಟ್ರು ಸುಮ್ಮನೆ ಸಹಿ ಹಾಕುತ್ತಾರೆ, ಅವರೂ ಚಿಕ್ಕಪ್ಪನ ಹಿಂದೆ ಬಂದವರೇ. ಹೆಣ್ಣು ನೋಡುವಾಗ ಜಾತಕದ ಜೊತೆಗೆ ಹುಡುಗಿಯ ಕಡೆ ಕಾರು ಓಡಿಸುವ ಹಿರಿಯರು ಎಷ್ಟು ಜನ ಎಂದೂ ವಿಚಾರಿಸುತ್ತಾರೆ. ಜಗಳವಾಡಿ ಸಂಬಂಧ ಕಡಿದುಕೊಂಡೆವು ಎಂದು ಯಾರಾದರೂ ಹೇಳಿದರೆ ಇಲ್ಲಿ ನಂಬುವುದಿಲ್ಲ, ಒಬ್ಬರು ಇನ್ನೊಬ್ಬರನ್ನು ದಾಟಿದ್ದನ್ನು ಕಣ್ಣಾರೆ ಕಾಣಬೇಕು. ಗೋಡೆಯ ವಿಷಯಕ್ಕೆ ಅಣ್ಣನ ಮೇಲೆ ಕೇಸು ಹಾಕಿದ ಒಬ್ಬ ತಮ್ಮ ಮೂರು ವರ್ಷ ಪ್ರತಿ ವಾಯಿದೆಗೂ ಅಣ್ಣನ ಕಾರಿನ ಹಿಂದೆಯೇ ಕೋರ್ಟಿಗೆ ಹೋಗಿ, ಅಣ್ಣನ ಹಿಂದೆಯೇ ವಾಪಸು ಬರುತ್ತಿದ್ದ. ಕೊನೆಗೆ ನಾಚಿಕೆಯಾಗಿ ಕೇಸು ಹಿಂದಕ್ಕೆ ತೆಗೆದುಕೊಂಡ.

ನಾನು ಈ ಊರಿನವಳಲ್ಲ. ನನ್ನ ಹೆಸರು ಜಯಶೀಲಾ, ಕಾರಿನ ಇಂಜಿನ್ನಿಗಿರುವ ಕಂಪ್ಯೂಟರನ್ನು ತಿದ್ದುವುದು ನನ್ನ ಕಸುಬು. ನಮ್ಮೂರಲ್ಲಿ ನಾನು ಗ್ಯಾರೇಜು ಇಡುವುದು ನನ್ನ ಅಣ್ಣಂದಿರಿಗೆ ಇಷ್ಟವಿರಲಿಲ್ಲ, ನನಗೆ ಅವರೇ ಇಷ್ಟವಿರಲಿಲ್ಲ. ಆರು ವರ್ಷದ ಹಿಂದೆ ಒಂದು ಲ್ಯಾಪ್‌ಟಾಪು, ನಾಲ್ಕು ಕೇಬಲ್ಲು, ಒಂದು ಹಾಸಿಗೆ ಕಟ್ಟಿಕೊಂಡು ಇಲ್ಲಿಗೆ ಬಂದೆ. ಮುಂದಿನ ಗಾಡಿಯನ್ನು ದಾಟುವ ಆಸೆ ಇಡೀ ಊರಿಗೇ ಇದ್ದರೆ ನನ್ನಂಥವಳಿಗೆ ಕೆಲಸ ಕಡಿಮೆಯಾದೀತೇ ಎಂದುಕೊಂಡಿದ್ದೆ. ಎಣಿಕೆ ಅರ್ಧ ಸರಿಯಾಯಿತು. ಜನ ಬಂದರು, ಇಂಜಿನ್ನಿನ ಬಲ ಹೆಚ್ಚಿಸುವ ಚಿಪ್ಪು ಹಾಕಿಸಿಕೊಂಡರು, ಖಾಲಿ ರಸ್ತೆಯಲ್ಲಿ ಸೊಗಸಾಗಿ ಓಡಿಸಿದರು, ದೊಡ್ಡಪ್ಪ ಮುಂದೆ ಸಿಕ್ಕ ಕೂಡಲೇ ಮೊದಲಿನಂತೆಯೇ ತೆವಳಿದರು. ಯಾವ ಚಿಪ್ಪೂ ದೊಡ್ಡಪ್ಪನನ್ನು ಗೆಲ್ಲಲಿಲ್ಲ.

ಊರಿನಲ್ಲಿ ಯಾರನ್ನು ಬೇಕಾದರೂ ದಾಟಬಲ್ಲವಳು ನಾನೊಬ್ಬಳೇ. ಇದು ಪಂಚಾಯ್ತಿಯವರ ಕಣ್ಣಿಗೆ ಬಿದ್ದು ಆಂಬುಲೆನ್ಸ್ ವ್ಯಾನಿನ ಕೀಲಿಕೈ ನನ್ನ ಪಾಲಿಗೆ ಬಂತು. ನನಗಿಂತ ಮೊದಲಿದ್ದ ಡ್ರೈವರು ಒಳ್ಳೆಯವನು, ಆದರೆ ಪಾಪ, ಅವನಿಗೆ ಹದಿನಾಲ್ಕು ಜನ ಚಿಕ್ಕಪ್ಪ ದೊಡ್ಡಪ್ಪಂದಿರು. ಅರ್ಜಿಯಲ್ಲಿ ‘ಊರಿನಲ್ಲಿರುವ ಸಂಬಂಧಿಕರು’ ಎಂದಿದ್ದ ಕಡೆ ನಾನು ‘ಯಾರೂ ಇಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆದು, ಕೆಳಗೊಂದು ಗೆರೆಯನ್ನೂ ಎಳೆದೆ. ಯಾರ ಹಂಗಿನಲ್ಲೂ ಇಲ್ಲದವಳು ಎಂಬುದು ನನಗೆ ಮೊದಲಿನಿಂದ ಹೆಮ್ಮೆಯ ವಿಷಯ. ಈಗ ಅದೇ ಒಂದು ಕೆಲಸಕ್ಕೆ ಅರ್ಹತೆಯೂ ಆಗಿತ್ತು.

ನನ್ನ ಅಂಗಡಿ ಇದ್ದದ್ದು ಚೆನ್ನಾಜಮ್ಮನ ಮನೆಯ ಮುಂದಿನ ಕೋಣೆಯಲ್ಲಿ. ಎಂಬತ್ತನಾಲ್ಕು ವರ್ಷ, ಊರಿನಲ್ಲಿ ಗಾಡಿ ಓಡಿಸುವವರಲ್ಲೆಲ್ಲ ಹಿರಿಯಳು. ಯಾವುದೋ ಒಂದು ದಾರಿಯಲ್ಲಿ ಇಡೀ ಊರಿಗೆ ನೆಂಟಳು, ಎಲ್ಲರೂ ಕರೆಯುವುದು ದೊಡ್ಡವ್ವ ಎಂದೇ. ಅವಳ ಹತ್ತಿರ ಒಂದು ಬಿಳಿ ಡೀಸೆಲ್ ಕಾರಿದೆ. ದಿನಾ ಹತ್ತು ಗಂಟೆಗೆ ಕೆರೆ ಏರಿಯ ಮೇಲಿನ ರಸ್ತೆಯಲ್ಲಿ ಆಚೆ ದಡಕ್ಕೆ ಹೋಗಿ, ತಂಗಿಯ ಮನೆಯಲ್ಲಿ ಕಾಫಿ ಕುಡಿದು, ತಂಗಿಯ ಸೊಸೆಗೆ ನಾಲ್ಕು ಬುದ್ಧಿಮಾತು ಹೇಳಿ ಹನ್ನೆರಡಕ್ಕೆ ವಾಪಸು ಬರುತ್ತಿದ್ದಳು. ಗಂಟೆಗೆ ಇಪ್ಪತ್ತು ಕಿಲೋಮೀಟರ್, ಅದರ ಮೇಲೆ ಒಂದೂ ಇಲ್ಲ. ಹಿಂದೆ ಅರ್ಧ ಊರು. ಆ ಸಾಲಿನ ಗಾಡಿಗಳಲ್ಲಿ ಕೂತೇ ಹೆಂಗಸರು ಅವರೆಕಾಯಿ ಸುಲಿದು ಮುಗಿಸುತ್ತಿದ್ದರು. ನಾನು ಮಾತ್ರ ಹಾರನ್ ಬಾರಿಸಿ ಎಲ್ಲರನ್ನೂ ದಾಟಿ ಹೋಗುತ್ತಿದ್ದೆ.

ಒಂದು ದಿನ ದೊಡ್ಡವ್ವ ಸ್ಟೂಲು ಎಳೆದುಕೊಂಡು ನನ್ನ ಎದುರು ಕೂತು, “ನನ್ ಕಾರಿಗೂ ಒಂದು ಚಿಪ್ಪು ಹಾಕ್ಕೊಡವ್ವ” ಎಂದಳು.

“ಇಪ್ಪತ್ತರಲ್ಲಿ ಹೋಗೋ ನಿಮಗೆ ಅದು ಯಾಕಮ್ಮ?”

“ಇರ್ಲಿ. ಮನೇಲಿ ಕೋವಿ ಇಟ್ಕಳಾಕಿಲ್ವ? ಅಂಗೆ. ಆದ್ರೆ ಮೊದ್ಲು ಅದೇನು ಅಂತ ನಂಗೆ ತಿಳಿಯಂಗೆ ಹೇಳು. ತಿಳೀದೆ ಏನೂ ಹಾಕಿಸ್ಕಳಾಕಿಲ್ಲ ನಾನು.”

ಅಲ್ಲಿಯವರೆಗೆ ಬಂದವರಲ್ಲಿ ಏನು ಎತ್ತ ಎಂದು ಕೇಳಿದವಳು ಇವಳೊಬ್ಬಳೇ. ಉತ್ಸಾಹದಿಂದ ಹೇಳಿದೆ. ಇಂಜಿನ್ನಿಗೆ ಒಂದು ಸಣ್ಣ ಕಂಪ್ಯೂಟರ್ ಇದೆ. ಗಾಳಿ ಎಷ್ಟು ಬರುತ್ತಿದೆ, ಇಂಜಿನ್ ಎಷ್ಟು ಬಿಸಿಯಾಗಿದೆ, ನೀವು ಕಾಲು ಎಷ್ಟು ಒತ್ತಿದ್ದೀರಿ ಎಂದು ಅದು ಕ್ಷಣಕ್ಷಣವೂ ವಿಚಾರಿಸಿಕೊಳ್ಳುತ್ತದೆ. ಅದರೊಳಗೆ ಮಗ್ಗಿ ಪುಸ್ತಕದಂಥ ಪಟ್ಟಿಗಳಿವೆ. ಅವನ್ನು ನೋಡಿಕೊಂಡು ಎಷ್ಟು ಡೀಸೆಲ್ ಬಿಡಬೇಕು, ಯಾವ ಗಳಿಗೆಯಲ್ಲಿ ಬಿಡಬೇಕು, ಟರ್ಬೊ ಎಷ್ಟು ಗಾಳಿ ನೂಕಬೇಕು ಎಂದು ಅಪ್ಪಣೆ ಕೊಡುತ್ತದೆ. ಹಿಂದೆ ನಿಜವಾಗಿಯೂ ಚಿಪ್ಪನ್ನು ಕಿತ್ತು ಬೇರೆ ಚಿಪ್ಪು ಕೂರಿಸುತ್ತಿದ್ದರು. ಈಗ ಕೇಬಲ್ ಚುಚ್ಚಿ ಆ ಪಟ್ಟಿಗಳನ್ನು ಓದಿ, ತಿದ್ದಿ, ವಾಪಸು ಬರೆಯುವುದಷ್ಟೇ. ಜನರ ಬಾಯಲ್ಲಿ ಮಾತ್ರ ಇನ್ನೂ ಚಿಪ್ಪೇ.

“ತಿದ್ದಾಕೆ ಕಂಪ್ನಿಯೋರು ತಪ್ಪು ಬರ್ದಿರ್ತಾರಾ?”

“ತಪ್ಪಲ್ಲ, ಹುಷಾರು. ಕೆಟ್ಟ ಡೀಸೆಲ್ ಹಾಕೋರು, ಆಯಿಲ್ ಬದಲಾಯಿಸದೇ ಇರೋರು, ಬಿರುಬೇಸಿಗೆಯಲ್ಲಿ ಘಾಟಿ ಹತ್ತಿಸೋರು, ಎಲ್ಲರ ಕೈಯಲ್ಲೂ ಬಾಳಿಕೆ ಬರಲಿ ಅಂತ ಸ್ವಲ್ಪ ಶಕ್ತಿ ಬಿಗಿಹಿಡಿದು ಇಟ್ಟಿರ್ತಾರೆ. ಅದರಲ್ಲಿ ಒಂಚೂರು ನಾವು ತಗೋತೀವಿ. ಜಾಸ್ತಿ ಆಸೆಪಟ್ಟರೆ ಕರೀ ಹೊಗೆ ಬರುತ್ತೆ, ಕ್ಲಚ್ ಸುಡುತ್ತೆ, ಕೊನೆಗೆ ಪಿಸ್ಟನ್ನೇ ಕರಗುತ್ತೆ.”

“ಸೊಸೆ ಕೈಗೆ ಸಿಗ್ದಂಗೆ ಸಕ್ರೆ ಡಬ್ಬಾನ ಅಟ್ಟದ ಮ್ಯಾಲೆ ಇಟ್ಟಂಗೆ ಅನ್ನು” ಎಂದು ದೊಡ್ಡವ್ವ ತಲೆಯಾಡಿಸಿದಳು. “ಒಂದು ಚಮಚ ಇಳಿಸ್ಕೊಡು ಸಾಕು. ಡಬ್ಬಾನೇ ಬ್ಯಾಡ.”

ಅಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವಳಿಗೆ ಎರಡು ಚಮಚ ಇಳಿಸಿಕೊಟ್ಟೆ. ಹೊಸ ಕ್ಲಚ್ಚೂ ಹಾಕಿದೆ. ಮಾರನೇ ದಿನ ಅವಳು ಅದೇ ಇಪ್ಪತ್ತರಲ್ಲಿ ಹೋದಳು. ನನ್ನ ಜನ್ಮದಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಎರಡನೇ ಗೇರಿನಲ್ಲಿ ಕೊಳೆಯುತ್ತಿದೆ ಎಂದು ನನಗೆ ಹೊಟ್ಟೆ ಉರಿಯಿತು.

ಎದುರಿನ ಅಂಗಡಿ ದೊಡ್ಡವ್ವನ ಮಗಳ ಮಗ ಏಕನಾಥನದು. ನಲವತ್ತು ವರ್ಷ, ನೂರು ಕಿಲೋ, ಬಾಯಿಗೆ ಬಿಡುವಿಲ್ಲ. ಅವನು ಮಾರುತ್ತಿದ್ದದ್ದು ‘ಟರ್ಬೊ ಶಕ್ತಿ’ ಎಂಬ ಡಬ್ಬಿ. ಸ್ಟೀರಿಂಗ್ ಕೆಳಗೆ ಚುಚ್ಚಿದರೆ ಸಾಕು, ನೀಲಿ ದೀಪ ಮಿನುಗುತ್ತದೆ, ಇಂಜಿನ್ನಿಗೆ ಆನೆ ಬಲ ಬರುತ್ತದೆ. ನಾನು ಒಂದನ್ನು ಬಿಚ್ಚಿ ನೋಡಿದ್ದೆ. ಒಳಗೆ ಒಂದು ದೀಪ, ಎರಡು ತಂತಿ, ತೂಕಕ್ಕೊಂದು ಸೀಸದ ತುಂಡು. ಇದು ಮೋಸ ಅಲ್ಲವೇನಪ್ಪಾ ಎಂದು ಕೇಳಿದರೆ ಅವನು ಸ್ವಲ್ಪವೂ ಬೇಸರಪಡಲಿಲ್ಲ. “ಮೇಡಮ್ಮೋರೆ, ನಿಮ್ದು ಹಾಕಿದ್ರೂ ದೊಡ್ಡಪ್ಪನ್ನ ದಾಟಾಕಾಗಲ್ಲ, ನಂದು ಹಾಕಿದ್ರೂ ದಾಟಾಕಾಗಲ್ಲ. ನಂದ್ರಲ್ಲಿ ದೀಪಾನಾದ್ರೂ ಐತೆ” ಎಂದ. ಅವನ ಮುಖ ನೋಡಿದರೆ ನನಗೆ ರಕ್ತ ಕುದಿಯುತ್ತಿತ್ತು.

ಬೇಸಿಗೆಯಲ್ಲಿ ಒಂದು ಅನಾಹುತ ಆಯಿತು. ಯಾರದೋ ಜೀಪಿನ ಕಂಪ್ಯೂಟರ್ ಬಿಚ್ಚಿ, ಅದರ ಹಸಿರು ಸರ್ಕ್ಯೂಟ್ ಹಲಗೆಯನ್ನು ಮೇಜಿನ ಮೇಲಿಟ್ಟು ಸಾಮಾನು ತರಲು ಹೋಗಿದ್ದೆ. ಬಂದು ನೋಡಿದರೆ ಹಲಗೆ ಇಲ್ಲ. ಹುಡುಕುತ್ತ ಹಿತ್ತಿಲಿಗೆ ಹೋದೆ. ದೊಡ್ಡವ್ವ ಅದನ್ನು ಸೀಗೆಪುಡಿ ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೊಳೆದು, ಸಂಡಿಗೆಯ ಸಾಲಿನ ಪಕ್ಕದಲ್ಲಿ ಬಿಸಿಲಿಗೆ ಒಣಹಾಕಿದ್ದಳು.

“ಎಷ್ಟು ಜಿಡ್ಡು ಹಿಡ್ದಿತ್ತು ಗೊತ್ತಾ?” ಎಂದಳು. “ಪಾತ್ರೆ ಜೊತೆಗೆ ಉಜ್ಜಿಟ್ಟೆ.”

ನಾನು ಕಿರುಚಿದೆ. ಬುದ್ಧಿ ಇದೆಯಾ, ತಲೆ ಕೆಟ್ಟಿದೆಯಾ, ನನ್ನ ಸಾಮಾನು ಮುಟ್ಟಲು ಯಾರು ಹೇಳಿದರು ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಆರು ವರ್ಷದಲ್ಲಿ ಈ ಊರಿನ ಯಾರ ಮೇಲೂ ನಾನು ಹಾಗೆ ಕೂಗಾಡಿರಲಿಲ್ಲ. ಏಕನಾಥನ ಮೇಲೂ ಇಲ್ಲ. ಎರಡು ದಿನ ಮಾತು ಬಿಟ್ಟೆ. ಅವಳು ಮಧ್ಯಾಹ್ನ ತಂದಿಡುತ್ತಿದ್ದ ಮುದ್ದೆಯ ತಟ್ಟೆಯನ್ನು ಮುಟ್ಟಲಿಲ್ಲ. ಅವಳೂ ತಂದಿಡುವುದನ್ನು ಬಿಡಲಿಲ್ಲ. ಮೂರನೇ ದಿನ ಹಲಗೆ ಪೂರ್ತಿ ಒಣಗಿದ ಮೇಲೆ ಜೀಪಿಗೆ ಕೂರಿಸಿ ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಶುರುವಾಯಿತು. ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಇವತ್ತು ಏನು ಸಾರು?” ಎಂದೆ.

“ತಿನ್ನೋರಿಗೆ ಹೇಳ್ತೀನಿ” ಎಂದಳು ದೊಡ್ಡವ್ವ, ಹಿಂತಿರುಗಿ ನೋಡದೆ.

ಅದರ ಮಾರನೇ ದಿನದಿಂದ ವ್ಯಾನು ಕೈಕೊಟ್ಟಿತು. ಏರಿಯ ಮೇಲೆ ದೊಡ್ಡವ್ವನ ಕಾರಿನ ಹತ್ತಿರ ಬಂದ ಕೂಡಲೇ ಟರ್ಬೊ ಗಾಳಿ ಕುಸಿದು ವೇಗ ಇಳಿಯುತ್ತಿತ್ತು. ಪುಣ್ಯಕ್ಕೆ ಆ ವಾರ ರೋಗಿಗಳು ಯಾರೂ ಇರಲಿಲ್ಲ, ಬರೀ ಪರೀಕ್ಷೆಗೆಂದು ಓಡಿಸುತ್ತಿದ್ದೆ. ಗಾಳಿಯ ಫಿಲ್ಟರ್ ಬದಲಾಯಿಸಿದೆ. ಡೀಸೆಲ್ ಫಿಲ್ಟರ್ ಬದಲಾಯಿಸಿದೆ. ಟರ್ಬೊ ಪೈಪುಗಳಿಗೆ ಸೋಪಿನ ನೊರೆ ಹಚ್ಚಿ ತೂತು ಹುಡುಕಿದೆ. ಲ್ಯಾಪ್‌ಟಾಪಿನಲ್ಲಿ ಒಂದೇ ಒಂದು ದೋಷವೂ ತೋರಿಸಲಿಲ್ಲ. ಬಿಸಿಗೆ ಯಾವುದೋ ಸೆನ್ಸರ್ ಸುಳ್ಳು ಹೇಳುತ್ತಿದೆ ಎಂದು ತೀರ್ಮಾನಿಸಿ ಪಟ್ಟಿಗಳನ್ನು ಐದು ಸಲ ತಿದ್ದಿ ಬರೆದೆ. ನಾನು ಬಾನೆಟ್ ಎತ್ತಿ ನಿಂತರೆ ದಾರಿಯಲ್ಲಿ ಹೋಗುವವರು ನನ್ನನ್ನು ನೋಡಿ ನಗುತ್ತಿದ್ದರು. ಹೆಂಗಸರಂತೂ ತಲೆ ಸವರುವ ಹಾಗೆ ನೋಡುತ್ತಿದ್ದರು. ಕಸುಬಿನಲ್ಲಿ ಸೋತವಳ ಮೇಲೆ ಕರುಣೆ ಎಂದುಕೊಂಡು ನಾನು ಇನ್ನಷ್ಟು ಉರಿದುಕೊಂಡೆ. ಏಕನಾಥ ಅಂಗಡಿಯಿಂದಲೇ ಕೂಗಿದ: “ಒಂದು ಟರ್ಬೊ ಶಕ್ತಿ ಕೊಡ್ಲಾ ಮೇಡಮ್ಮೋರೆ?”

ಹಾಗೆ ಕೂಗಿದ ನಾಲ್ಕನೇ ದಿನ, ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಪೇರಿಸಿಟ್ಟಿದ್ದ ಡಬ್ಬಿಗಳನ್ನು ತೆಗೆಯಲು ಹೋದ ಏಕನಾಥನ ಕಾಲಿಗೆ ನಾಗರಹಾವು ಕಚ್ಚಿತು. ಹತ್ತು ಗಂಟೆ ಆಗಿತ್ತಷ್ಟೇ, ದೊಡ್ಡವ್ವನ ಕಾರು ಆಗ ತಾನೇ ಹೊರಟಿತ್ತು. ಮೂರು ಜನ ಸೇರಿ ಅವನನ್ನು ವ್ಯಾನಿನಲ್ಲಿ ಮಲಗಿಸಿದರು. ಕಾಲಿಗೆ ಎರಡು ಪಟ್ಟಿ ಹಲಗೆ ಕಟ್ಟಿ, ಅಲ್ಲಾಡಬೇಡ ಎಂದು ಹೇಳಿ ಹೊರಟೆ. ಆಸ್ಪತ್ರೆ ಇರುವುದು ಕೆರೆಯ ಆಚೆ ದಡದಲ್ಲಿ. ಏರಿಯ ಮೇಲೆ ಆರು ಕಿಲೋಮೀಟರ್, ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು, ತಿರುಗಲು ಒಂದು ಗೇಟೂ ಇಲ್ಲ. ಸಾಲಿನ ಗಾಡಿಗಳನ್ನು ಒಂದೊಂದಾಗಿ ದಾಟುತ್ತ ಹೋದೆ. ವ್ಯಾನು ಚೆನ್ನಾಗಿಯೇ ಓಡುತ್ತಿತ್ತು. ನನ್ನ ಐದನೇ ತಿದ್ದುಪಡಿ ಸರಿಹೋಯಿತು ಎಂದು ಒಳಗೊಳಗೇ ಬೀಗಿದೆ.

ಎರಡು ಕಿಲೋಮೀಟರ್ ಆಗಿರಬೇಕು, ಎದುರಿಗೆ ದೊಡ್ಡವ್ವನ ಬಿಳಿ ಕಾರು ಕಂಡಿತು. ವ್ಯಾನು ದನಿ ತಗ್ಗಿಸಿತು.

ಪೂರ್ತಿ ಒತ್ತಿದೆ. ಗೇರು ಇಳಿಸಿದೆ. ಸೈರನ್ ಒಂದೇ ಸಮ ಕೂಗುತ್ತಿತ್ತು, ವೇಗದ ಮುಳ್ಳು ಮಾತ್ರ ಇಪ್ಪತ್ತರ ಮೇಲೆ ಏಳಲಿಲ್ಲ. ಮುಂದಿನಿಂದ ದೊಡ್ಡವ್ವನ ಕೈ ಕಿಟಕಿಯಿಂದ ಹೊರಬಂದು ‘ಹೋಗು ಹೋಗು’ ಎಂದು ಬೀಸಿತು. ಹಿಂದಿನಿಂದ ಏಕನಾಥ, “ನನ್ ಜೇಬಲ್ಲೈತೆ, ಒಂದು ಚುಚ್ಚಿ ನೋಡಿ ಮೇಡಮ್ಮೋರೆ” ಎಂದ. ಹೇಳಲು ನಾಚಿಕೆಯಾಗುತ್ತದೆ. ಹದಿನೈದು ವರ್ಷದ ಕಸುಬುದಾರಳು ನಾನು, ಹಿಂದಕ್ಕೆ ಕೈ ಚಾಚಿ ಅವನ ಜೇಬಿನಿಂದ ಆ ಡಬ್ಬಿ ತೆಗೆದು ಸ್ಟೀರಿಂಗ್ ಕೆಳಗೆ ಚುಚ್ಚಿದೆ. ನೀಲಿ ದೀಪ ಮಿನುಗಿತು. ಮುಳ್ಳು ಇಪ್ಪತ್ತರಲ್ಲೇ ಇತ್ತು. ಏಕನಾಥ ಇನ್ನೇನೋ ಹೇಳಲು ಹೋಗಿ ತೊದಲಿದ. ಕನ್ನಡಿಯಲ್ಲಿ ನೋಡಿದೆ, ರೆಪ್ಪೆಗಳು ಜೋತುಬೀಳುತ್ತ ಇದ್ದವು. ಅವನು ಸುಮ್ಮನಾದ. ಏಕನಾಥ ಸುಮ್ಮನಾದದ್ದನ್ನು ನಾನು ಕಂಡದ್ದು ಅದೇ ಮೊದಲು.

ಮುಂದಿನ ಕಾರು ನಿಂತಿತು. ನನ್ನ ವ್ಯಾನೂ ನಿಂತಿತು. ದೊಡ್ಡವ್ವ ಇಳಿದು ಸೆರಗು ಸಿಕ್ಕಿಸಿಕೊಂಡು ನಡೆದು ಬಂದಳು.

“ಏನಾತೇ?”

“ಗಾಡಿ ಕೆಟ್ಟಿದೆ. ಗಾಳಿ ಬರ್ತಿಲ್ಲ. ನನ್ನದೇ ತಪ್ಪು, ಪಟ್ಟಿ ಎಲ್ಲೋ ತಪ್ಪಾಗಿ ಬರೆದಿದ್ದೀನಿ” ಎಂದು ಅಳತೊಡಗಿದೆ.

ದೊಡ್ಡವ್ವ ನನ್ನನ್ನು ಒಂದು ಗಳಿಗೆ ನೋಡಿದಳು. “ಗಾಡಿ ಕೆಟ್ಟಿಲ್ಲ ಕಣೇ ದಡ್ಡಿ. ನಾನು ಮುಂದಿದ್ದೆ” ಎಂದಳು. “ಎರ್ಡು ದಿನ ನನ್ ಮ್ಯಾಲೆ ಮುನಿಸ್ಕಂಡು ಉಪಾಸ ಬಿದ್ಯಲ್ಲ, ಅಂಗೆ ಮುನಿಸ್ಕಳಾದು ನಮ್ಮೋರು ಅನ್ಕಂಡೋರ ಮ್ಯಾಲೇನೆ. ಅವತ್ತಿಂದ ನೀನು ಹಿಂದೇನೇ ಬತ್ತಿದ್ದೀಯ. ಊರಿಗೆಲ್ಲ ಗೊತ್ತು. ನಿಂಗೊಬ್ಳಿಗೆ ಗೊತ್ತಿಲ್ಲ.”

ಹಿಂದಿನ ಸಾಲಿನ ಗಾಡಿಗಳಲ್ಲಿ ಸುಮಾರು ಜನ ಹೌದು ಎಂಬಂತೆ ತಲೆಯಾಡಿಸಿದರು. ಇಷ್ಟು ದಿನ ಸೋಪಿನ ನೊರೆ ಹಚ್ಚಿ ನಾನು ಹುಡುಕಿದ್ದು ಇದನ್ನು. ಬೇರೆ ದಿನವಾಗಿದ್ದರೆ ಅಲ್ಲೇ ಕೂತು ಮನಸಾರೆ ಅತ್ತುಬಿಡುತ್ತಿದ್ದೆ. ಅಷ್ಟು ಸಂತೋಷ, ಅಷ್ಟು ಭಯ ಒಟ್ಟಿಗೆ ನನಗೆ ಎಂದೂ ಆಗಿರಲಿಲ್ಲ.

“ಒಳಗೆ ಯಾರು?” ಎಂದು ದೊಡ್ಡವ್ವ ಇಣುಕಿದಳು. ಮೊಮ್ಮಗನ ಮುಖ ಕಂಡಿತು. ಹಾವು ಎಂದೆ, ಅಷ್ಟೇ. ಅವನನ್ನು ಎತ್ತಿ ಕಾರಿಗೆ ಹಾಕುವಂತಿರಲಿಲ್ಲ, ಆ ಸ್ಥಿತಿಯಲ್ಲಿ ನೂರು ಕಿಲೋ ಅಲ್ಲಾಡಿಸುವುದೂ ತಪ್ಪು. ದೊಡ್ಡವ್ವ, “ಅಟ್ಟದ ಮ್ಯಾಲಿಂದ ಎಷ್ಟು ಚಮಚ ಇಳಿಸಿದ್ದೆ?” ಎಂದು ಕೇಳಿದಳು.

“ಎರಡು.”

“ಸರಿ. ಹಿಂದೇನೇ ಬಾ.”

ಆ ಕಾರು ಅಲ್ಲಿಂದ ಹೊರಟ ರೀತಿಯನ್ನು ಊರಿನವರು ಈಗಲೂ ಹೇಳುತ್ತಾರೆ. ಮೊದಲು ಒಂದು ಗುಕ್ಕು ಕರೀ ಹೊಗೆ, ಎರಡನೇ ಚಮಚ ನಾನು ಸ್ವಲ್ಪ ತುಂಬಿಸಿಯೇ ಹಾಕಿದ್ದೆ. ಆಮೇಲೆ ಟರ್ಬೊ ಸಿಳ್ಳೆ ಹಾಕಿತು. ನಲವತ್ತು, ಅರವತ್ತು, ತೊಂಬತ್ತು. ನನ್ನ ವ್ಯಾನು ಅವಳ ಬಾಲ ಹಿಡಿದುಕೊಂಡು, ಅವಳು ಎಷ್ಟು ಬಿಟ್ಟರೆ ಅಷ್ಟು ಓಡಿತು. ಮುಂದೆ ಇನ್ನೂ ಹನ್ನೊಂದು ಗಾಡಿಗಳಿದ್ದವು, ಬೇಗ ಎದ್ದು ಅವಳಿಗಿಂತ ಮೊದಲು ಹೊರಟು ಬಂದ ಜಾಣರು. ಅವರನ್ನೆಲ್ಲ ದೊಡ್ಡವ್ವ ಹಾರನ್ ಕೂಡ ಹಾಕದೆ ದಾಟಿದಳು, ಅವಳಿಗೆ ಹಿರಿಯರು ಯಾರಿದ್ದರು? ಅವರ ವಿಷಯದಲ್ಲಿ ನನ್ನ ವ್ಯಾನಿಗೂ ಅಡ್ಡಿ ಇರಲಿಲ್ಲ, ಅವರ ಮೇಲೆ ನನಗೆ ಅಂಥ ಅಕ್ಕರೆಯೇನೂ ಇರಲಿಲ್ಲ. ಹಬ್ಬಕ್ಕೆ ತಪ್ಪದೆ ಒಬ್ಬಟ್ಟು ಕಳಿಸುವ ರಿಟೈರ್ಡ್ ಪೋಸ್ಟ್‌ಮ್ಯಾನ್ ಬಸಲಿಂಗಪ್ಪನವರ ಹಿಂದೆ ಮಾತ್ರ ಅರೆಗಳಿಗೆ ತಡವರಿಸಿದಂತಾಯಿತು. ಅವರು ಗಾಬರಿಯಿಂದ ಕೈ ಮುಗಿದರು, ದಾಟಿಕೊಂಡೆ.

ಆಸ್ಪತ್ರೆಯ ಗೇಟಿನೊಳಗೆ ಎರಡೂ ಗಾಡಿ ಒಟ್ಟಿಗೆ ನುಗ್ಗಿದವು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಮೂರನೇ ದಿನ ಏಕನಾಥ ಕಣ್ಣು ಬಿಟ್ಟು ಮಾತಾಡಿದ. “ನೋಡಿದ್ರಾ ಮೇಡಮ್ಮೋರೆ, ನನ್ ಡಬ್ಬಿ ಚುಚ್ಚಿದ್ಮೇಲೆ ಹೆಂಗೆ ಓಡ್ತು!” ಎಂದ. ಅವನನ್ನು ಬದುಕಿಸಿದ್ದಕ್ಕೆ ನನಗೆ ಒಂದು ಗಳಿಗೆ ಪಶ್ಚಾತ್ತಾಪವಾಯಿತು.

ಮುಂದಿನ ವಾರ ಪಂಚಾಯ್ತಿಯಿಂದ ಕಾಗದ ಬಂತು. ಆಂಬುಲೆನ್ಸ್ ಚಾಲಕಿಗೆ ಊರಿನಲ್ಲಿ ಹಿರಿಯ ಸಂಬಂಧಿಕರು ಇರುವುದು ಸಾರ್ವಜನಿಕರ ಎದುರೇ ಸಾಬೀತಾಗಿರುವುದರಿಂದ ಕೀಲಿಕೈ ಒಪ್ಪಿಸಬೇಕು ಎಂದಿತ್ತು. ತಪ್ಪೇನಿರಲಿಲ್ಲ. ಒಪ್ಪಿಸಲು ಹೋದೆ. ದೊಡ್ಡವ್ವ ಕರೆಯದಿದ್ದರೂ ಜೊತೆಗೆ ಬಂದಳು. ಹೊಸದಾಗಿ ಪರವೂರಿನವರನ್ನು ಎಲ್ಲಿಂದ ತರುವುದು ಎಂದು ಅಧ್ಯಕ್ಷರು ತಲೆ ಕೆರೆದುಕೊಳ್ಳುತ್ತಿದ್ದರು. ದೊಡ್ಡವ್ವ ಅವರ ಎದುರಿನ ಕುರ್ಚಿಯಲ್ಲಿ ಕೂತು, “ಈ ಊರಲ್ಲಿ ನನ್ ಕೈಲಿ ದಾಟಾಕಾಗದೇ ಇರೋನು ಯಾವನಾದ್ರೂ ಇದ್ರೆ ಹೇಳ್ರಪ್ಪ” ಎಂದಳು.

ಎಲ್ಲರಿಗಿಂತ ಹಿರಿಯಳಾದವಳು ಎಲ್ಲರನ್ನೂ ದಾಟಬಲ್ಲಳು ಎಂಬುದು ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ಹೊಳೆದರೂ ಎಲ್ಲರಿಗಿಂತ ಹಿರಿಯಳಿಗೆ ಕೆಲಸ ಹೇಳುವ ಧೈರ್ಯ ಯಾರಿಗಿತ್ತು? ಅಧ್ಯಕ್ಷರು, ಅವರೂ ಅವಳ ತಂಗಿಯ ಅಳಿಯನೇ, ಎದ್ದು ನಿಂತು ಕೀಲಿಕೈಯನ್ನು ಎರಡೂ ಕೈಯಲ್ಲಿ ಕೊಟ್ಟರು. ಕನ್ನಡಕ ತಂದಿರಲಿಲ್ಲವಾದ್ದರಿಂದ ಅವಳ ಅರ್ಜಿಯನ್ನು ನಾನೇ ತುಂಬಿದೆ. ‘ಊರಿನಲ್ಲಿರುವ ಸಂಬಂಧಿಕರು’ ಎಂಬಲ್ಲಿಗೆ ಬಂದಾಗ, “ಊರೆಲ್ಲ ಅಂತ ಬರಿ” ಎಂದಳು. ಆಮೇಲೆ ರೋಗಿಯನ್ನು ನೋಡಿಕೊಳ್ಳುವ ಸಹಾಯಕಿಯ ಅರ್ಜಿ, ಅದು ನನ್ನದು. ಅದರಲ್ಲೂ ಅದೇ ಜಾಗ ಖಾಲಿ ಇತ್ತು. ದೊಡ್ಡವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು, ಏನೂ ಹೇಳಿಕೊಡಲಿಲ್ಲ. ‘ಚೆನ್ನಾಜಮ್ಮ, ಅಜ್ಜಿ’ ಎಂದು ಸಣ್ಣ ಅಕ್ಷರದಲ್ಲಿ ಬರೆದೆ. ಗೆರೆ ಎಳೆಯಲಿಲ್ಲ.

ಹೊರಗೆ ಬಂದು ಅವಳು ವ್ಯಾನಿನ ಸೀಟನ್ನು ಮುಂದಕ್ಕೆ ಎಳೆದುಕೊಂಡು ಕೂತಳು. ಸ್ಟೀರಿಂಗ್ ಕೆಳಗೆ ಇನ್ನೂ ಮಿನುಗುತ್ತಿದ್ದ ಏಕನಾಥನ ಡಬ್ಬಿಯನ್ನು ಕಿತ್ತು ಕಿಟಕಿಯಿಂದ ಆಚೆ ಎಸೆದಳು.

“ಈ ಗಾಡಿ ಡಬ್ಬದಲ್ಲಿ ಎಷ್ಟು ಸಕ್ರೆ ಉಳ್ದೈತೆ?” ಎಂದು ಕೇಳಿದಳು.

“ಒಂದು ಚಮಚ ಇರಬಹುದು ಅಜ್ಜಿ.”

“ಇಳಿಸು” ಎಂದಳು. ನಾನು ಲ್ಯಾಪ್‌ಟಾಪು ತೆರೆದು ಕೇಬಲ್ ಚುಚ್ಚಿದೆ.